ವೆನಿಲಾ ಕೋಡು ಕೆಟ್ಟದ್ದು ಯಾವ ಹಂತದಲ್ಲಿ? ಮನೆಯಲ್ಲೇ ಸಂಸ್ಕರಿಸುವ ಕೊಡಗಿನ ಬೆಳೆಗಾರರಿಗೆ ದೋಷ ನಿವಾರಣೆ ಕೈಪಿಡಿ

ಕಾಫಿ ತೋಟದ ನೆರಳಿನಲ್ಲಿ ಗ್ಲಿರಿಸಿಡಿಯಾ ಗೂಟಕ್ಕೋ ಹಾಲುವಾಣದ ಮರಕ್ಕೋ ಹಬ್ಬಿಸಿದ ನಾಲ್ಕಾರು ವೆನಿಲಾ ಬಳ್ಳಿಗಳನ್ನು ಉಳಿಸಿಕೊಂಡಿರುವ ಮನೆಗಳು ಕೊಡಗಿನಲ್ಲಿ ಈಗಲೂ ಇವೆ. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತವು ಮಡಗಾಸ್ಕರಿನ ತೋಟಗಳನ್ನು ನೆಲಕಚ್ಚಿಸಿದ ಮೇಲೆ ಜಗತ್ತಿನಾದ್ಯಂತ ವೆನಿಲಾ ಬೆಲೆ ಏರಿತು. ಆ ಏರಿಕೆಯನ್ನು ನಂಬಿ ಬಳ್ಳಿ ನೆಟ್ಟ ಎಷ್ಟೋ ಮಂದಿ, 2004ರ ಬಳಿಕ ಬೆಲೆ ಕುಸಿದಾಗ ಅದನ್ನು ಕಿತ್ತೂ ಹಾಕಿದರು. ಬೆಲೆ ಇದ್ದ ಆ ಕಾಲದಲ್ಲಿ ಹೆಚ್ಚಿನವರು ಹಸಿ ಕೋಡನ್ನೇ ತೂಗಿ ಮಾರುತ್ತಿದ್ದುದರಿಂದ ಸಂಸ್ಕರಣೆಯ ಕೆಲಸ ಬೇರೆಯವರ ಕೈಯಲ್ಲೇ ಉಳಿಯಿತು. ಬಳ್ಳಿ ಸಾಕುವುದನ್ನು ಕಲಿತ ಮನೆಗಳಲ್ಲೂ ಕೋಡು ಪಕ್ವಗೊಳಿಸುವ ಕೆಲಸ ರೂಢಿಯಾಗದೇ ಹೋಯಿತು. ಈಗ ಅರ್ಧ ಕಿಲೋವೋ ಎರಡು ಕಿಲೋವೋ ಕೋಡನ್ನು ಮನೆಯಲ್ಲೇ ಸಂಸ್ಕರಿಸಲು ಹೊರಟವರಿಗೆ ಪ್ರತಿ ವರ್ಷವೂ ಎದುರಾಗುವ ತೊಂದರೆಗಳನ್ನು, ಅವುಗಳ ಮೂಲವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲೇ ಹೇಳಬೇಕಾದ ಮಾತು ಒಂದಿದೆ. ವೆನಿಲಾದಲ್ಲಿ ದೋಷ ಕಣ್ಣಿಗೆ ಬೀಳುವ ಹಂತ ಒಂದು, ಅದು ಹುಟ್ಟುವ ಹಂತ ಇನ್ನೊಂದು. ಪೆಟ್ಟಿಗೆಯಲ್ಲಿ ಬೂಷ್ಟು ಕಂಡವರು ಪೆಟ್ಟಿಗೆಯನ್ನು ದೂರುತ್ತಾರೆ. ಆದರೆ ಆ ಬೂಷ್ಟಿಗೆ ಎರಡು ವಾರ ಹಿಂದೆ, ಮೋಡ ಮುಚ್ಚಿದ ಒಂದು ಮಧ್ಯಾಹ್ನ ತಣ್ಣಗಿನ ಕೋಡನ್ನು ಕಂಬಳಿಯಲ್ಲಿ ಸುತ್ತಿಟ್ಟದ್ದೇ ಕಾರಣವಾಗಿರಬಹುದು. ಆದ್ದರಿಂದ ತಪಾಸಣೆಯನ್ನು ಯಾವಾಗಲೂ ಹಿಂದಕ್ಕೆ ನಡೆಸಬೇಕು: ಪೆಟ್ಟಿಗೆಯಿಂದ ನೆರಳಿನ ತಟ್ಟೆಗೆ, ಅಲ್ಲಿಂದ ಬಿಸಿಲಿಗೆ, ಬಿಸಿಲಿನಿಂದ ಬಿಸಿನೀರಿಗೆ, ಕೊನೆಗೆ ಬಳ್ಳಿಗೆ. ಹೀಗೆ ಹಿಂದಕ್ಕೆ ಹೋಗಲು ಪ್ರತಿ ಕಂತಿಗೂ ಒಂದು ಚೀಟಿ ಬೇಕು. ಕೊಯ್ದ ದಿನ, ಹಸಿ ತೂಕ, ನೀರಿನ ಉಷ್ಣತೆ, ಬಿಸಿಲು ಸಿಕ್ಕ ದಿನಗಳು ಮತ್ತು ಸಿಗದ ದಿನಗಳನ್ನು ಅದರಲ್ಲಿ ಬರೆದಿಡದವರಿಗೆ ಈ ಕೈಪಿಡಿಯ ಅರ್ಧ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ಸರಿಯಾಗಿ ನಡೆದರೆ ಆಗುವುದೇನು

ಹಸಿ ಕೋಡಿಗೆ ಪರಿಮಳವಿಲ್ಲ. ಪರಿಮಳ ಕೊಡುವ ವೆನಿಲಿನ್ ಎಂಬ ವಸ್ತು ಹಸಿ ಕೋಡಿನಲ್ಲಿ ಸಕ್ಕರೆಯ ಅಣುವಿನೊಂದಿಗೆ ಬೆಸೆದುಕೊಂಡು ಗ್ಲೂಕೋವೆನಿಲಿನ್ ರೂಪದಲ್ಲಿ ಇರುತ್ತದೆ. ಆ ಬೆಸುಗೆಯನ್ನು ಬಿಡಿಸುವ ಕಿಣ್ವವೂ ಕೋಡಿನೊಳಗೇ ಇದೆ, ಆದರೆ ಜೀವಕೋಶಗಳು ಗಟ್ಟಿಯಾಗಿ ಇರುವವರೆಗೆ ಇವೆರಡೂ ಒಂದನ್ನೊಂದು ಮುಟ್ಟುವುದಿಲ್ಲ. ಬಿಸಿನೀರಿನಲ್ಲಿ ಅದ್ದಿದಾಗ ಕೋಶಗಳು ಒಡೆಯುತ್ತವೆ. ಬೆಚ್ಚಗೆ ಸುತ್ತಿಟ್ಟು ಬೆವರಿಸಿದಾಗ ಕಿಣ್ವ ಕೆಲಸ ಮಾಡುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದಾಗ ನೀರು ಹೋಗಿ ಪರಿಮಳ ನಿಲ್ಲುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು ಇಟ್ಟಾಗ ಅದು ಮಾಗುತ್ತದೆ. ರಿಯೂನಿಯನ್ ದ್ವೀಪದ ಹಳೆಯ ಹೆಸರಿನಿಂದ ಬೂರ್ಬನ್ ಪದ್ಧತಿ ಎಂದು ಕರೆಯುವ ಈ ಕ್ರಮವೇ ನಮ್ಮಲ್ಲೂ ಬಳಕೆಯಲ್ಲಿದೆ.

ಕೆಲಸ ಸರಿಯಾಗಿ ಮುಗಿದ ಕೋಡು ಗಾಢ ಚಾಕಲೇಟ್ ಬಣ್ಣಕ್ಕೆ ತಿರುಗಿ, ಉದ್ದಕ್ಕೆ ಸುಕ್ಕುಗಟ್ಟಿ, ಮೇಲೆ ಎಣ್ಣೆಯ ತೆಳು ಮಿರುಗು ಪಡೆದಿರುತ್ತದೆ. ತೋರುಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಿಕೊಳ್ಳುತ್ತದೆ, ಬಿಟ್ಟರೆ ನಿಧಾನವಾಗಿ ನೆಟ್ಟಗಾಗುತ್ತದೆ. ಒತ್ತಿದರೆ ನೀರು ಜಿನುಗಬಾರದು. ತೇವಾಂಶ ನೂರಕ್ಕೆ 25ರಿಂದ 30 ಇರಬೇಕು. ತೂಕದ ಲೆಕ್ಕದಲ್ಲಿ ಐದರಿಂದ ಆರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಸಂಸ್ಕರಿಸಿದ ಕೋಡು ಸಿಗುತ್ತದೆ. ಮನೆಯಲ್ಲಿ ತೇವಾಂಶ ಮಾಪಕ ಇಲ್ಲದವರಿಗೆ ತಕ್ಕಡಿಯೇ ನಂಬಿಕೆಯ ಸಾಧನ. ಒಂದು ಕಿಲೋ ಹಸಿ ಕೋಡು 250 ಗ್ರಾಮಿಗಿಂತ ಕೆಳಗೆ ಇಳಿಯದಿದ್ದರೆ ಅದಿನ್ನೂ ಪೆಟ್ಟಿಗೆಗೆ ಹೋಗಲು ಸಿದ್ಧವಾಗಿಲ್ಲ ಎಂದೇ ತಿಳಿಯಬೇಕು.

ಕೋಡಿನ ಮೇಲೆ ಬಿಳಿ ಕಂಡಾಗ

ಅತಿ ಹೆಚ್ಚು ಗಾಬರಿ ಹುಟ್ಟಿಸುವ ಲಕ್ಷಣ ಇದು, ಮತ್ತು ಇದರಲ್ಲೇ ಎರಡೂ ದಿಕ್ಕಿನ ತಪ್ಪು ನಡೆಯುತ್ತದೆ. ಒಳ್ಳೆಯ ಕೋಡನ್ನು ಬೂಷ್ಟು ಹಿಡಿದಿದೆಯೆಂದು ಎಸೆಯುವವರಿದ್ದಾರೆ. ಬೂಷ್ಟನ್ನು ಒಳ್ಳೆಯ ಲಕ್ಷಣವೆಂದು ಭಾವಿಸಿ ಇಟ್ಟುಕೊಳ್ಳುವವರೂ ಇದ್ದಾರೆ.

ವೆನಿಲಿನ್ ಅಂಶ ಚೆನ್ನಾಗಿರುವ ಕೋಡನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲವು ವಾರ ಇಟ್ಟರೆ ಅದರ ಮೈಮೇಲೆ ವೆನಿಲಿನ್ ತಾನೇ ಹರಳುಗಟ್ಟಬಹುದು. ಅಂಥ ಕೋಡನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲನೆ ಓರೆ ಮಾಡಿ ನೋಡಬೇಕು. ಸಣ್ಣ ಸೂಜಿಗಳಂಥ, ಚೂಪು ತುದಿಯ ಹರಳುಗಳು ಒಂದೊಂದಾಗಿ ಮಿಂಚುತ್ತವೆ. ಕೋಡು ತಿರುಗಿದಂತೆ ಮಿಂಚೂ ಜಾಗ ಬದಲಿಸುತ್ತದೆ. ಬೂಷ್ಟು ಮಿಂಚುವುದಿಲ್ಲ. ಅದು ಮಂಕಾಗಿ, ಅರಳೆಯ ಎಳೆಯಂತೆ ಹರಡಿರುತ್ತದೆ. ಮೊದಲು ಬಿಳಿ, ಆಮೇಲೆ ಬೂದು ಇಲ್ಲವೇ ಹಸಿರು. ಹರಳು ಕೋಡಿನ ಮೈಯುದ್ದಕ್ಕೂ ಕಾಣಬಹುದು, ಆದರೆ ಬೂಷ್ಟು ಹೆಚ್ಚಾಗಿ ತೊಟ್ಟಿನ ಕಡೆಯಿಂದಲೋ, ತುದಿಯಿಂದಲೋ, ಸೀಳು ಬಿಟ್ಟ ಜಾಗದಿಂದಲೋ ಶುರುವಾಗುತ್ತದೆ. ಕೈಯಲ್ಲಿ ಹಿಡಿಯುವ ಭೂತಗನ್ನಡಿ ಇದ್ದರೆ ಈ ವ್ಯತ್ಯಾಸ ಅರೆಗಳಿಗೆಯಲ್ಲಿ ತಿಳಿಯುತ್ತದೆ.

ಕಣ್ಣಿನ ಪರೀಕ್ಷೆಯಿಂದ ತೀರ್ಮಾನವಾಗದಿದ್ದರೆ ಮೂಗಿನ ಪರೀಕ್ಷೆ ಮಾಡಬೇಕು. ಹರಳುಗಟ್ಟಿದ ಕೋಡು ಬೇರೆಲ್ಲ ಕೋಡುಗಳಿಗಿಂತ ಹೆಚ್ಚು ಘಮಘಮಿಸುತ್ತದೆ, ಬೂಷ್ಟು ಹಿಡಿದದ್ದು ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ಮುಗ್ಗಲು ವಾಸನೆ ಬೀರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಆ ಒಂದು ಕೋಡನ್ನು ಶುಚಿಯಾದ ಗಾಜಿನ ಜಾಡಿಯಲ್ಲಿ ಒಂಟಿಯಾಗಿ ಮೂರು ದಿನ ಕೋಣೆಯ ಉಷ್ಣತೆಯಲ್ಲಿ ಇಡಬೇಕು. ಬೂಷ್ಟಾದರೆ ಅಷ್ಟರಲ್ಲಿ ಹರಡುತ್ತದೆ. ಹರಳಾದರೆ ಹಾಗೆಯೇ ಇರುತ್ತದೆ. ಈ ಮೂರು ದಿನ ಉಳಿದ ಕಟ್ಟನ್ನು ಬಿಚ್ಚಿ ಹರಡಿಡುವುದು ಕ್ಷೇಮ, ಏಕೆಂದರೆ ಒಂದು ಕೋಡಿನ ಬೂಷ್ಟು ಅದೇ ಕಟ್ಟಿನ ಪಕ್ಕದ ಕೋಡಿಗೆ ದಾಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬೂಷ್ಟೆಂದು ಖಚಿತವಾದರೆ ಆ ಕೋಡನ್ನು ಎಸೆಯಬೇಕು. ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಬಳಸುವ ಅಭ್ಯಾಸ ವ್ಯಾಪಾರದಲ್ಲಿ ಇದೆ, ಆದರೆ ನನ್ನ ಅಭಿಪ್ರಾಯದಲ್ಲಿ ಮನೆಯ ಬಳಕೆಗೆ ಅದು ತಕ್ಕದ್ದಲ್ಲ. ಒರೆಸಿದಾಗ ಹೋಗುವುದು ಕಣ್ಣಿಗೆ ಕಾಣುವ ಭಾಗ ಮಾತ್ರ. ಬೂಷ್ಟು ಬಿಟ್ಟಿರಬಹುದಾದ ವಿಷಾಂಶ ಕೋಡಿನೊಳಗೇ ಉಳಿಯಬಹುದು, ಕುದಿಸಿದರೂ ಅದು ಹೋಗುತ್ತದೆಂಬ ಭರವಸೆಯಿಲ್ಲ. ಮಕ್ಕಳು ತಿನ್ನುವ ಪಾಯಸಕ್ಕೋ ಕೇಕಿಗೋ ಹಾಕುವ ವಸ್ತುವಿನಲ್ಲಿ ಇಂಥ ರಾಜಿ ಬೇಡ. ಪೆಟ್ಟಿಗೆಯನ್ನು ಖಾಲಿ ಮಾಡಿ, ಒಳಗಿನ ಮೇಣದ ಕಾಗದವನ್ನು ಸುಟ್ಟು, ಮರದ ಮೈಯನ್ನು ಒರೆಸಿ ಎರಡು ದಿನ ಸುಡು ಬಿಸಿಲಿಗೆ ಇಡಬೇಕು. ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕು.

ಬೂಷ್ಟಿನ ಮೂಲ ಹುಡುಕುವುದು

ಇಲ್ಲಿಂದ ಹಿಂದಕ್ಕೆ ನಡೆಯಬೇಕು. ಮೊದಲ ಪ್ರಶ್ನೆ ತೂಕದ್ದು: ಪೆಟ್ಟಿಗೆಗೆ ಹಾಕಿದಾಗ ಕೋಡು ಹಸಿ ತೂಕದ ಎಷ್ಟನೇ ಪಾಲಿಗೆ ಇಳಿದಿತ್ತು? ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಿದ್ದರೆ ಕಾರಣ ಸಿಕ್ಕಿತು, ಒಣಗಿಸುವ ಹಂತ ಅವಸರದಲ್ಲಿ ಮುಗಿದಿದೆ. ಕಟ್ಟಿನ ಉಳಿದ ಕೋಡುಗಳನ್ನು ಮತ್ತೆ ತಟ್ಟೆಗೆ ಹರಡಿ ತೂಕ ಇಳಿಯುವವರೆಗೆ ಕಾಯುವುದೇ ಪರಿಹಾರ.

ತೂಕ ಸರಿಯಿದ್ದರೂ ಬೂಷ್ಟು ಬಂದಿದ್ದರೆ ಕಟ್ಟಿನಲ್ಲಿ ದಪ್ಪ ಕೋಡು, ಸಣ್ಣ ಕೋಡು ಬೆರೆತಿದ್ದವೇ ಎಂದು ನೋಡಬೇಕು. ಒಟ್ಟು ತೂಕದ ಸರಾಸರಿ ಸರಿಯಾಗಿಯೇ ಇರುತ್ತದೆ. ಆದರೆ ಸಣ್ಣವು ಕಡ್ಡಿಯಾಗಿ, ದಪ್ಪನೆಯವು ಒಳಗೆ ಹಸಿಯಾಗಿ ಉಳಿದಿರುತ್ತವೆ. ಕೊಯ್ದ ದಿನವೇ 15 ಸೆಂಟಿಮೀಟರಿಗಿಂತ ಉದ್ದದವು, 10ರಿಂದ 15ರ ನಡುವಿನವು, ಅದಕ್ಕಿಂತ ಗಿಡ್ಡವು ಮತ್ತು ಸೀಳಿದವು ಎಂದು ಬೇರ್ಪಡಿಸಿ, ಕೊನೆಯವರೆಗೂ ಬೇರೆ ಬೇರೆಯಾಗಿಯೇ ನಡೆಸಿದರೆ ಈ ತೊಂದರೆ ಇರುವುದಿಲ್ಲ.

ಮೂರನೆಯದು ನೆರಳಿನ ಕೋಣೆ. ಬಲೆ ಹೊಡೆದ ತಟ್ಟೆಯಲ್ಲಿ ಕೋಡುಗಳು ಒಂದೇ ಪದರವಾಗಿ, ಒಂದಕ್ಕೊಂದು ತಾಗದಂತೆ ಇರಬೇಕು. ಕೆಳಗಿನಿಂದಲೂ ಗಾಳಿ ಆಡಬೇಕು. ನಾಪೋಕ್ಲು, ಭಾಗಮಂಡಲದ ಕಡೆಯ ಮನೆಗಳಲ್ಲಿ ನವೆಂಬರಿನ ಬೆಳಗ್ಗೆ ಮಂಜು ಕರಗುವ ಮುನ್ನ ಕಿಟಕಿ ತೆರೆದರೆ ಒಣಗಬೇಕಾದ ಕೋಡು ಗಾಳಿಯಿಂದಲೇ ನೀರು ಹೀರುತ್ತದೆ. ಬಿಸಿಲು ನೆಲ ಮುಟ್ಟಿದ ಮೇಲೆ ಕಿಟಕಿ ತೆರೆದು, ಸಂಜೆ ತಂಪಾಗುವ ಮೊದಲೇ ಮುಚ್ಚಬೇಕು. ಮಳೆ ದಿನಗಳಲ್ಲಿ ಕಿಟಕಿ ಮುಚ್ಚಿಯೇ ಫ್ಯಾನ್ ಓಡಿಸಬೇಕು. ಕುಶಾಲನಗರದ ಕಡೆ ಗಾಳಿ ಒಣ, ಅಲ್ಲಿ ಇದೇ ಎಚ್ಚರಿಕೆ ಅಷ್ಟು ಬೇಕಾಗುವುದಿಲ್ಲ. ಒಂದೇ ಜಿಲ್ಲೆಯ ಎರಡು ತುದಿಗಳಿಗೆ ಒಂದೇ ದಿನಗಣನೆ ಹೊಂದುವುದಿಲ್ಲವಾದ್ದರಿಂದಲೇ, ನೆರಳಿನ ಒಣಗಿಕೆಗೆ 15ರಿಂದ 20 ದಿನ ಎಂದು ಸಾಮಾನ್ಯವಾಗಿ ಹೇಳುವ ಮಾತನ್ನು ಪಶ್ಚಿಮ ಕೊಡಗಿನವರು ಅಂದಾಜಾಗಿ ಮಾತ್ರ ತೆಗೆದುಕೊಂಡು ತೂಕವನ್ನೇ ನೆಚ್ಚಬೇಕು.

ನಾಲ್ಕನೆಯದು, ಮತ್ತು ನಮ್ಮ ಹವೆಯಲ್ಲಿ ಬಹುಮಟ್ಟಿಗೆ ನಿಜವಾದ ಅಪರಾಧಿ, ಬೆವರಿಸುವ ಹಂತ. ಬಿಸಿನೀರಿನಿಂದ ತೆಗೆದ ಕೋಡನ್ನು ಮೊದಲ ದಿನ ಬಿಸಿ ಆರುವ ಮುನ್ನ ಬಟ್ಟೆಯಲ್ಲಿ ಸುತ್ತಿ, ಒಳಗೆ ಕಂಬಳಿ ಹಾಸಿದ ಪೆಟ್ಟಿಗೆಯಲ್ಲಿ ಇಡಬೇಕು. ಮರುದಿನದಿಂದ ಒಂದು ವಾರ, ಹತ್ತು ದಿನ, ಪ್ರತಿ ಮಧ್ಯಾಹ್ನ ಕರಿ ಕಂಬಳಿಯ ಮೇಲೆ ಬಿಸಿಲಿಗೆ ಹರಡಿ, ಕೋಡು 45ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಅದೇ ಕಂಬಳಿಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಗೆ ಸೇರಿಸಬೇಕು. ಇಲ್ಲಿ ಮುಖ್ಯವಾದದ್ದು ಸುತ್ತುವ ಗಳಿಗೆ. ತೋಟದ ಕೆಲಸ ಮುಗಿಸಿ ಬರುವ ಹೊತ್ತಿಗೆ ನಾಲ್ಕು ಗಂಟೆ ದಾಟಿ ಬಿಸಿಲು ಓರೆಯಾಗಿದ್ದರೆ, ಕೋಡು ಅಷ್ಟರಲ್ಲಿ ತಣಿದಿರುತ್ತದೆ. ತಣಿದ ಕೋಡನ್ನು ಸುತ್ತಿಟ್ಟರೆ ಅದು ಬೆವರುವುದೂ ಇಲ್ಲ, ಒಣಗುವುದೂ ಇಲ್ಲ, ಒದ್ದೆಯಾಗಿ ಕತ್ತಲಲ್ಲಿ ಕುಳಿತಿರುತ್ತದೆ. ಬೂಷ್ಟು ಬೇರೂರುವುದು ಆ ರಾತ್ರಿಗಳಲ್ಲೇ. ಕಾಫಿ ಕೊಯ್ಲು ಮತ್ತು ವೆನಿಲಾ ಸಂಸ್ಕರಣೆ ಒಂದೇ ಕಾಲಕ್ಕೆ ಬೀಳುವುದರಿಂದ ಹನ್ನೊಂದರಿಂದ ಎರಡು ಗಂಟೆಯವರೆಗೆ ಮನೆಯಲ್ಲೇ ಇರುವ ಒಬ್ಬರಿಗೆ ಈ ಕೆಲಸವನ್ನು ಒಪ್ಪಿಸುವುದು ಅಗತ್ಯ. ಕಂಬಳಿಯ ಮೇಲೆ ಬಿಸಿ ಎಷ್ಟಿದೆಯೆಂದು ಕೈಯಿಂದ ಮುಟ್ಟಿ ಹೇಳಲಾಗದು. ಥರ್ಮಾಮೀಟರಿನ ತುದಿಯನ್ನು ಎರಡು ಕೋಡುಗಳ ನಡುವೆ ಸಿಕ್ಕಿಸಿ ನೋಡಬೇಕು.

ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ ಬಂದಾಗಲೂ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೂ ಮೂರು ನಾಲ್ಕು ದಿನ ಸೂರ್ಯ ಕಾಣದೇ ಹೋಗುವುದುಂಟು. ಆ ದಿನಗಳಲ್ಲಿ ಪೆಟ್ಟಿಗೆಯನ್ನು ಮುಚ್ಚಿಯೇ ಬಿಡುವುದು ಸಲ್ಲದು. ಸಣ್ಣ ಕೋಣೆಯಲ್ಲೋ ಬಾಗಿಲಿರುವ ಬೀರುವಿನಲ್ಲೋ ವಿದ್ಯುತ್ ಹೀಟರ್ ಇಲ್ಲವೇ ಹಳೆಯ ಮಾದರಿಯ ಬಿಸಿಯಾಗುವ ಬಲ್ಬು ಬಳಸಿ 45 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಕೋಡನ್ನು ಬೆಚ್ಚಗೆ ಮಾಡಿ ಸುತ್ತಿಡಬಹುದು; ಬಟ್ಟೆ ಮತ್ತು ಕಂಬಳಿ ಬಲ್ಬಿಗೆ ತಾಗದಂತೆ ನೋಡಿಕೊಳ್ಳಬೇಕು, ಯಾರಾದರೂ ಹತ್ತಿರ ಇರಬೇಕು. ಕರೆಂಟೂ ಹೋಗಿದ್ದರೆ ಕೋಡನ್ನು ಬಿಚ್ಚಿ ಗಾಳಿಗೆ ಹರಡಿಡುವುದು ಸುತ್ತಿಡುವುದಕ್ಕಿಂತ ಮೇಲು. ಪರಿಮಳ ಸ್ವಲ್ಪ ಕಡಿಮೆಯಾಗಬಹುದು, ಕೋಡಂತೂ ಉಳಿಯುತ್ತದೆ. ಏಲಕ್ಕಿ ಒಣಗಿಸುವ ಸೌದೆಯ ಗೂಡಿಗೆ ವೆನಿಲಾವನ್ನು ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಅಲ್ಲಿನ ಹೊಗೆ ಕೋಡಿಗೆ ಹತ್ತಿದರೆ ಮತ್ತೆ ಬಿಡುವುದಿಲ್ಲ.

ಮಡಿಕೇರಿಯಂಥ ಎತ್ತರದ ಊರುಗಳಲ್ಲಿ ಡಿಸೆಂಬರಿನ ರಾತ್ರಿ ಪೆಟ್ಟಿಗೆಯ ಶಾಖ ಬೇಗ ಆರುತ್ತದೆ. ಪೆಟ್ಟಿಗೆಯನ್ನು ದೊಡ್ಡದೊಂದು ಡಬ್ಬಿಯೊಳಗಿಟ್ಟು ಸುತ್ತಲೂ ಒಣ ಭತ್ತದ ಹೊಟ್ಟು ತುಂಬಿದರೆ ಬೆಳಗಿನವರೆಗೂ ಒಳಗೆ ಉಗುರುಬೆಚ್ಚಗಿರುತ್ತದೆ. ಅರ್ಧ ಕಿಲೋಗಿಂತ ಕಡಿಮೆ ಕೋಡು ತನ್ನ ಶಾಖವನ್ನು ತಾನು ಹಿಡಿದಿಡಲಾರದು. ಅಷ್ಟು ಸಣ್ಣ ಕಂತಿನವರಿಗೆ ಈ ಹೊಟ್ಟಿನ ಹೊದಿಕೆ ಇನ್ನೂ ಅಗತ್ಯ.

ಬಣ್ಣ ತಿರುಗದಿರುವುದು, ಪರಿಮಳ ಬಾರದಿರುವುದು

ಬಿಸಿನೀರಿನಲ್ಲಿ ಅದ್ದಿ 24 ಗಂಟೆ ಕಳೆದ ಮೇಲೆ ಪೆಟ್ಟಿಗೆ ತೆರೆದರೆ ಕೋಡು ಒಂದೇ ಸಮನಾಗಿ ಕಂದು ಬಣ್ಣಕ್ಕೆ ತಿರುಗಿರಬೇಕು. ಅಲ್ಲಲ್ಲಿ ಹಸಿರು ಪಟ್ಟೆ ಉಳಿದಿದ್ದರೆ ಆ ಭಾಗಕ್ಕೆ ಶಾಖ ಸಾಕಾಗಿಲ್ಲ, ಅಲ್ಲಿನ ಕೋಶಗಳು ಇನ್ನೂ ಜೀವಂತವಾಗಿವೆ. ಹಾಗೆಯೇ ಬಿಟ್ಟರೆ ಆ ಕೋಡು ಬಳ್ಳಿಯ ಮೇಲಿದ್ದಂತೆ ಹಣ್ಣಾಗುತ್ತಾ ಹೋಗಿ ತುದಿಯಲ್ಲಿ ಸೀಳುತ್ತದೆ, ಪರಿಮಳವೂ ತೇಪೆ ತೇಪೆಯಾಗಿ ಹುಟ್ಟುತ್ತದೆ. ಮೊದಲ ದಿನವೇ ಗಮನಕ್ಕೆ ಬಂದರೆ ಅಂಥವನ್ನು ಆರಿಸಿ ಸರಿಯಾದ ಉಷ್ಣತೆಯಲ್ಲಿ ಇನ್ನೊಂದು ನಿಮಿಷ ಅದ್ದಬಹುದು. ಮೂರು ನಾಲ್ಕು ದಿನ ಕಳೆದ ಮೇಲೆ ಹಾಗೆ ಮಾಡಿ ಪ್ರಯೋಜನವಿಲ್ಲ.

ಇದಕ್ಕೆ ವಿರುದ್ಧವಾದ ದೋಷ ಹೆಚ್ಚು ಕಪಟಿ. ಕೋಡು ಚೆನ್ನಾಗಿ ಕಂದಾಗುತ್ತದೆ, ಮೆತ್ತಗಾಗುತ್ತದೆ, ಸುಕ್ಕೂ ಬರುತ್ತದೆ. ಎರಡು ತಿಂಗಳ ನಂತರವೂ ಪರಿಮಳ ಮಾತ್ರ ಇಲ್ಲ, ಬೆಂದ ತರಕಾರಿಯ ವಾಸನೆ ಇರುತ್ತದೆ. ನೀರು ಅತಿಯಾಗಿ ಕಾದಿತ್ತು ಎಂಬುದಕ್ಕೆ ಇದೇ ಗುರುತು. ಕೋಶ ಒಡೆಯಲು ಬೇಕಾದ ಶಾಖಕ್ಕೂ ಕಿಣ್ವ ಸಾಯುವ ಶಾಖಕ್ಕೂ ನಡುವೆ ಅಂತರ ಬಹಳ ಕಡಿಮೆ. ಉದ್ದ ಕೋಡಿಗೆ 63ರಿಂದ 65 ಡಿಗ್ರಿಯ ನೀರಿನಲ್ಲಿ ಮೂರು ನಿಮಿಷ, ಗಿಡ್ಡ ಕೋಡಿಗೆ ಎರಡು ನಿಮಿಷದ ಆಸುಪಾಸು ಎಂಬ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕಾದ್ದು ಇದರಿಂದಲೇ. ಹೀಗೆ ಬೆಂದುಹೋದ ಕಂತನ್ನು ಉಳಿಸುವ ದಾರಿಯಿಲ್ಲ.

ಎರಡೂ ದೋಷಗಳಿಗೆ ಸಾಮಾನ್ಯವಾಗಿ ಥರ್ಮಾಮೀಟರೇ ಕಾರಣ. ಜ್ವರ ನೋಡುವ ಥರ್ಮಾಮೀಟರ್ 42 ಡಿಗ್ರಿಯ ಆಚೆ ತೋರಿಸುವುದಿಲ್ಲ, ಈ ಕೆಲಸಕ್ಕೆ ಅಡುಗೆಯ ಕಡ್ಡಿ ಥರ್ಮಾಮೀಟರ್ ಬೇಕು, ಮತ್ತು ಅಗ್ಗದವು ಎರಡು ಮೂರು ಡಿಗ್ರಿ ಸುಳ್ಳು ಹೇಳುವುದು ಸಾಮಾನ್ಯ. ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವಾಗ ಒಂದು ವಿಷಯ ನೆನಪಿರಲಿ: ಎತ್ತರ ಹೆಚ್ಚಿದಂತೆ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 96 ಡಿಗ್ರಿಯ ಹತ್ತಿರ ಕುದಿಯುವುದರಿಂದ, ಅಲ್ಲಿ 100 ತೋರಿಸುವ ಥರ್ಮಾಮೀಟರ್ ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದರ್ಥ. ಅದನ್ನು ನಂಬಿ 64 ಎಂದು ಅದ್ದಿದವರ ಕೋಡು ನಿಜವಾಗಿ 60 ಡಿಗ್ರಿಯ ನೀರು ಕಂಡಿರುತ್ತದೆ. ಪುಡಿ ಮಾಡಿದ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು ಎತ್ತರದ ಗೊಡವೆಯಿಲ್ಲದ ಪರೀಕ್ಷೆ. ಎರಡನ್ನೂ ಮಾಡಿದರೆ ಒಳಿತು.

ಥರ್ಮಾಮೀಟರ್ ಸರಿಯಿದ್ದರೆ ಪಾತ್ರೆಯತ್ತ ನೋಡಬೇಕು. ತಣ್ಣಗಿನ ಒಂದು ಕಿಲೋ ಕೋಡನ್ನು ಹತ್ತು ಲೀಟರ್ ನೀರಿಗೆ ಒಮ್ಮೆಲೇ ಇಳಿಸಿದರೆ ನೀರಿನ ಬಿಸಿ ಮೂರು ನಾಲ್ಕು ಡಿಗ್ರಿಯಷ್ಟು ಇಳಿಯಬಲ್ಲದು. ಬಿದಿರಿನ ಬುಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಕೋಡು ಹಾಕಿ, ನೀರನ್ನು ಕದಡುತ್ತಾ ಅದ್ದಿ, ಪ್ರತಿ ಬುಟ್ಟಿಯ ಮೊದಲು ಉಷ್ಣತೆ ನೋಡಬೇಕು. ಸೌದೆ ಒಲೆಯಲ್ಲಿ ಈ ಹದ ಹಿಡಿಯುವುದು ಕಷ್ಟ. ಗ್ಯಾಸ್ ಒಲೆಯೇ ಅನುಕೂಲ.

ಥರ್ಮಾಮೀಟರೂ ಪಾತ್ರೆಯೂ ಸರಿಯಾಗಿದ್ದು ಪರಿಮಳ ಬಾರದಿದ್ದರೆ ಉಳಿದದ್ದು ಬಳ್ಳಿ. ಎಳೆಯ ಕೋಡಿನಲ್ಲಿ ಗ್ಲೂಕೋವೆನಿಲಿನ್ ಇನ್ನೂ ತುಂಬಿರುವುದಿಲ್ಲ. ಇಲ್ಲದ್ದನ್ನು ಯಾವ ಸಂಸ್ಕರಣೆಯೂ ಹುಟ್ಟಿಸಲಾರದು. ಎಳೆಯ ಕೋಡು ಒಣಗಿದಾಗ ತೆಳ್ಳಗೆ, ಪೇಲವವಾಗಿ, ಗಟ್ಟಿಯಾಗಿ ಉಳಿಯುತ್ತದೆ, ಬೂಷ್ಟಿಗೂ ಬೇಗ ತುತ್ತಾಗುತ್ತದೆ. ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿದ ದಿನದಿಂದ ಒಂಬತ್ತರಿಂದ ಹನ್ನೊಂದು ತಿಂಗಳಿಗೆ, ಕೋಡಿನ ತುದಿ ಹಳದಿಗೆ ತಿರುಗತೊಡಗಿದಾಗ ಕೊಯ್ಯಬೇಕು. ಬೇರೆ ಬೆಳೆಗಳಲ್ಲಿ ಕಾಯಿಯ ವಯಸ್ಸನ್ನು ಊಹಿಸಬೇಕಾಗುತ್ತದೆ, ವೆನಿಲಾದಲ್ಲಿ ಅದು ಗೊತ್ತಿರುತ್ತದೆ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಸಣ್ಣ ಕಡ್ಡಿಯೊಂದರಿಂದ ಹೂವಿನ ಪರದೆಯನ್ನೆತ್ತಿ ಪರಾಗ ಕೂಡಿಸುವ ಬಗೆಯನ್ನು ತೋರಿಸಿಕೊಟ್ಟ. ನಮ್ಮಲ್ಲಿಯೂ ಪ್ರತಿ ಹೂವಿಗೂ ಬೆಳಗಿನ ಹೊತ್ತು ಅದೇ ಕೆಲಸವನ್ನು ಕೈಯಿಂದಲೇ ಮಾಡುತ್ತೇವೆ. ಆ ಬೆಳಿಗ್ಗೆಯೇ ಗೊಂಚಲಿಗೆ ತಾರೀಖಿನ ಚೀಟಿ ಕಟ್ಟಿದರೆ ಮುಂದೆ ವಾದಕ್ಕೆ ಎಡೆಯಿಲ್ಲ. ಒಂದೇ ಗೊಂಚಲಿನ ಕೋಡುಗಳೂ ಒಂದೇ ದಿನ ಬಲಿಯುವುದಿಲ್ಲ, ಆದ್ದರಿಂದ ಕಾಫಿ ಕೊಯ್ಲಿನ ಆಳುಗಳು ಬಂದಿದ್ದಾರೆಂದು ಇಡೀ ಗೊಂಚಲನ್ನು ಒಮ್ಮೆಗೇ ಕತ್ತರಿಸಿಡುವ ರೂಢಿಯನ್ನು ಬಿಡಬೇಕು. ಹುತ್ತರಿಯ ಆಸುಪಾಸಿನ ವಾರಗಳಲ್ಲಿ ವಾರಕ್ಕೆ ಎರಡು ಸಲ ಬಳ್ಳಿಯ ಸುತ್ತ ನಡೆದು, ತುದಿ ಹಳದಿಯಾದದ್ದನ್ನು ಮಾತ್ರ ಆರಿಸುವುದು ಸರಿಯಾದ ಕ್ರಮ.

ಹುಳಿ ವಾಸನೆ, ಅಂಟು ಮೈ

ಬೆವರಿಸುವ ಮೊದಲ ದಿನಗಳಲ್ಲಿ ಪೆಟ್ಟಿಗೆ ತೆರೆದಾಗ ಬರುವ ಹಸಿ ಹುಲ್ಲಿನ, ಸ್ವಲ್ಪ ಘಾಟಾದ ವಾಸನೆ ಸಹಜವಾದದ್ದು. ಪರಿಮಳ ನಿಧಾನವಾಗಿ ಎರಡನೇ ವಾರದಿಂದ ಏಳುತ್ತದೆ. ಚಿಂತಿಸಬೇಕಾದ್ದು ಹುಳಿತ ಹಿಟ್ಟಿನ ವಾಸನೆ ಬಂದು, ಕೋಡಿನ ಮೈ ಲೋಳೆಯಂತೆ ಬೆರಳಿಗೆ ಅಂಟಿದಾಗ. ಒದ್ದೆಯೂ ಬೆಚ್ಚಗೂ ಇರುವ ಜಾಗದಲ್ಲಿ ಗಾಳಿ ಆಡದಿದ್ದರೆ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತದೆ. ಹಾಗಾದಲ್ಲಿ ಬಿಸಿನೀರಿನಿಂದ ತೆಗೆದ ಕೋಡಿನ ನೀರು ಬಸಿಯದೆ ಸುತ್ತಿದ್ದಾರೆಯೇ, ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸಿದ್ದಾರೆಯೇ, ಒದ್ದೆಯಾದ ಬಟ್ಟೆಯನ್ನು ಬದಲಿಸದೆ ದಿನವೂ ಅದರಲ್ಲೇ ಸುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ಬಿಸಿಲಿನಲ್ಲಿ ಒಂದೆರಡು ದಿನ ಹೆಚ್ಚು ಹೊತ್ತು ಇಟ್ಟು, ಒಣ ಬಟ್ಟೆಯಲ್ಲಿ ಸುತ್ತಿದಾಗ ಹುಳಿ ವಾಸನೆ ಹೋದರೆ ಮುಂದುವರಿಸಬಹುದು. ಮೂರನೇ ದಿನವೂ ಉಳಿದಿದ್ದರೆ, ಅಥವಾ ಫಿನಾಯಿಲನ್ನು ನೆನಪಿಸುವ ಘಾಟು ಸೇರಿಕೊಂಡಿದ್ದರೆ, ಆ ಕೋಡುಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಕು.

ಕಡ್ಡಿಯಾದ ಕೋಡು

ಬೆರಳಿಗೆ ಸುತ್ತಿದಾಗ ಪಟ್ಟನೆ ಮುರಿದರೆ ಕೋಡು ಅತಿಯಾಗಿ ಒಣಗಿದೆ. ಬೆವರಿಸುವ ಹಂತ ಮುಗಿದ ಮೇಲೂ ಬಿಸಿಲಿಗೆ ಹರಡುತ್ತಲೇ ಇದ್ದುದು, ಜನವರಿಯ ಒಣ ಗಾಳಿಯಲ್ಲಿ ತಟ್ಟೆಯನ್ನು ಮರೆತದ್ದು, ಇಲ್ಲವೇ ಎಳೆಯ ಕೋಡು, ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ. ನೀರು ಚಿಮುಕಿಸಿ ಮೆತ್ತಗೆ ಮಾಡುವುದು ಬೂಷ್ಟಿಗೆ ನೇರ ಆಹ್ವಾನ. ಎಣ್ಣೆ ಸವರಿದರೆ ಮಿರುಗು ಬರುತ್ತದೆ, ಕೆಲವು ತಿಂಗಳಲ್ಲಿ ಕಮಟು ವಾಸನೆಯೂ ಬರುತ್ತದೆ. ಸ್ವಲ್ಪ ಹೆಚ್ಚು ತೇವವಿರುವ, ಬೂಷ್ಟಿಲ್ಲದ ಆರೋಗ್ಯವಂತ ಕೋಡುಗಳ ಜೊತೆ ಅವನ್ನು ಒಂದೇ ಜಾಡಿಯಲ್ಲಿ ಎರಡು ಮೂರು ವಾರ ಮುಚ್ಚಿಟ್ಟು, ಎರಡು ದಿನಕ್ಕೊಮ್ಮೆ ತೆರೆದು ನೋಡುತ್ತಿದ್ದರೆ ತೇವ ಹಂಚಿಕೆಯಾಗಿ ಮೈ ಸ್ವಲ್ಪ ಸಡಿಲುತ್ತದೆ. ಆವಿಯಾಗಿ ಹೋದ ಪರಿಮಳ ಮಾತ್ರ ಮರಳುವುದಿಲ್ಲ.

ಸೀಳಿದ ಕೋಡು

ಕೊಯ್ಲು ತಡವಾಗಿದೆ. ಪರಿಮಳಕ್ಕೆ ಕೊರತೆಯೇನೂ ಇರುವುದಿಲ್ಲ, ಆದರೆ ಸೀಳಿನೊಳಗೆ ತೇವ ನಿಲ್ಲುವುದರಿಂದ ಇವನ್ನು ಪ್ರತ್ಯೇಕವಾಗಿ ಒಣಗಿಸಿ ಮೊದಲು ಬಳಸಿ ಮುಗಿಸಬೇಕು.

ಹೊರಗಿನ ವಾಸನೆ ಹತ್ತಿಕೊಂಡಾಗ

ಅರ್ಧ ಒಣಗಿದ ವೆನಿಲಾ ಕೋಡು ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಕಾಫಿ ಹಣ್ಣು ಹರಡಿದ ಕಣದ ಮೂಲೆಯಲ್ಲೇ ವೆನಿಲಾ ಕಂಬಳಿಯನ್ನೂ ಹಾಸಿದರೆ ಹುಳಿತ ಸಿಪ್ಪೆಯ ವಾಸನೆ ಸೇರುತ್ತದೆ. ಅಡುಗೆಮನೆಯ ಅಟ್ಟದಲ್ಲಿಟ್ಟರೆ ಹೊಗೆ. ಬಟ್ಟೆಯ ಬೀರುವಿನಲ್ಲಿಟ್ಟರೆ ನುಸಿಗುಳಿಗೆ. ಏಲಕ್ಕಿ, ಮೆಣಸಿನ ಚೀಲದ ಬಳಿ ಇಟ್ಟರೆ ಆ ಸಾಂಬಾರದ ಘಾಟು. ಹೊಸ ಕಂಬಳಿಯ ಉಣ್ಣೆಯ ವಾಸನೆಯೂ ಹತ್ತುವುದರಿಂದ ಅದನ್ನು ಮೊದಲೇ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು, ಕೋಡಿಗೂ ಕಂಬಳಿಗೂ ನಡುವೆ ಗಾಢ ಬಣ್ಣದ ಹತ್ತಿ ಬಟ್ಟೆ ಹಾಸಬೇಕು. ಪೆಟ್ಟಿಗೆಗೆ ಕರ್ಪೂರದ ವಾಸನೆಯ ಮರವೂ, ಹೊಸದಾಗಿ ವಾರ್ನಿಷ್ ಬಳಿದ ಹಲಗೆಯೂ ಬೇಡ. ಮನೆಯ ಸಣ್ಣ ಕಂತಿಗೆ ಮೇಣದ ಕಾಗದ ಹಾಸಿದ ಗಾಜಿನ ಜಾಡಿ ಸಾಕು. ಅದನ್ನು ಬೆಳಕು ಬೀಳದ ಕಪಾಟಿನಲ್ಲಿಟ್ಟು ಮೊದಲ ತಿಂಗಳು ವಾರಕ್ಕೆ ಎರಡು ಸಲ ತೆರೆದು, ಕೋಡುಗಳನ್ನು ತಿರುವಿ, ಮೂಸಿ ನೋಡಿ ಮುಚ್ಚಬೇಕು. ಜಾಡಿಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಆ ದಿನವೇ ಕೋಡುಗಳನ್ನು ಹೊರತೆಗೆದು ತಟ್ಟೆಗೆ ಹರಡಬೇಕು. ತಂಗಳುಪೆಟ್ಟಿಗೆಯಲ್ಲಿ ಇಡಬಾರದು, ಅಲ್ಲಿ ಕೋಡು ಗಟ್ಟಿಯಾಗುವುದಲ್ಲದೆ ಹೊರತೆಗೆದಾಗಲೆಲ್ಲ ಮೈಮೇಲೆ ತೇವ ಕೂರುತ್ತದೆ.

ಸೀಳಿದವು, ಗಿಡ್ಡವು, ಕಡ್ಡಿಯಾದವು ನೋಡಲು ಚೆನ್ನಾಗಿಲ್ಲದಿದ್ದರೂ, ಬೂಷ್ಟು ಮತ್ತು ದುರ್ವಾಸನೆ ಇಲ್ಲದಿದ್ದರೆ ವ್ಯರ್ಥವಾಗಬೇಕಿಲ್ಲ. ಉದ್ದಕ್ಕೆ ಸೀಳಿ, ಒಂದು ಅಂಗುಲದ ತುಂಡುಗಳಾಗಿ ಕತ್ತರಿಸಿ, ಲೀಟರಿಗೆ 100 ಗ್ರಾಮಿನಂತೆ, ನೂರಕ್ಕೆ 35ಕ್ಕಿಂತ ಕಡಿಮೆಯಿಲ್ಲದ ಮದ್ಯಸಾರವಿರುವ ವೋಡ್ಕಾ ಅಥವಾ ಬ್ರಾಂದಿಯಲ್ಲಿ ಮುಳುಗಿಸಿ ಕತ್ತಲಲ್ಲಿ ಎರಡು ಮೂರು ತಿಂಗಳು ಇಟ್ಟರೆ ಅಡುಗೆಗೆ ಬೇಕಾದ ಅರ್ಕ ಸಿದ್ಧವಾಗುತ್ತದೆ. ಮದ್ಯ ಬಳಸದ ಮನೆಯವರು ಅದೇ ತುಂಡುಗಳನ್ನು ಪೂರ್ತಿ ಒಣಗಿಸಿ, ಸಕ್ಕರೆಯೊಂದಿಗೆ ಬೀಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.